ಸತ್ಯಾಂಶ: ಒದ್ದೆ ಹೆಜ್ಜೆ ನೋಡಿ ಶೂ ಆರಿಸಬೇಕೇ?

ಒದ್ದೆ ಕಾಲಿನ ಗುರುತು ಪೂರ್ತಿ ಮೂಡಿದರೆ ಭಾರವಾದ ಸ್ಟೆಬಿಲಿಟಿ ಶೂ (ಪಾದ ಹೆಚ್ಚು ಒಳಕ್ಕೆ ವಾಲದಂತೆ ಆಸರೆ ಕೊಡುವ ಶೂ) ಕಡ್ಡಾಯ, ಹಗುರ ಶೂನಲ್ಲಿ ವೇಗವಾಗಿ ಓಡಿದರೆ ಮಂಡಿ ಹಾಳು ಎಂಬ ಸಂದೇಶ ಓಟಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಳುಹಿಸುವವರ ಕಾಳಜಿ ನಿಜ, ಮಾಹಿತಿ ಸರಿಯಲ್ಲ.

ಒದ್ದೆ ಗುರುತು ನಿಂತ ಪಾದದ ಆಕಾರವನ್ನಷ್ಟೇ ತೋರಿಸುತ್ತದೆ. ಓಡುವಾಗ ಪಾದ ಎಷ್ಟು ಒಳಕ್ಕೆ ವಾಲುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಆ ವಾಲುವಿಕೆಯೂ ದೋಷವಲ್ಲ, ಆಘಾತ ತಗ್ಗಿಸುವ ಸಹಜ ಚಲನೆ. ಅಮೆರಿಕದಲ್ಲಿ ಸೈನಿಕ ತರಬೇತಿಗೆ ಸೇರಿದ ಸಾವಿರಾರು ಮಂದಿಗೆ ಪಾದದ ಅಚ್ಚಿಗೆ ತಕ್ಕಂತೆ ಶೂ ಕೊಟ್ಟು ನೋಡಲಾಗಿತ್ತು. ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟ ಗುಂಪಿಗೆ ಹೋಲಿಸಿದರೆ ಗಾಯಗಳು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ.

ಆಸರೆಗೆ ಭಾರವೇ ಬೇಕೆಂದೂ ಇಲ್ಲ. ಹಿಂದೆ ಶೂನ ಒಳಬದಿಗೆ ಗಟ್ಟಿ ಫೋಮ್ ಕೂರಿಸುತ್ತಿದ್ದರು; ಈಗ ಹಲವು ಶೂಗಳಲ್ಲಿ ಅಗಲವಾದ ತಳ, ಎತ್ತರಿಸಿದ ಅಂಚುಗಳೇ ಆ ಕೆಲಸ ಮಾಡುತ್ತವೆ. 250 ಗ್ರಾಂ ಆಸುಪಾಸಿನ ಸ್ಟೆಬಿಲಿಟಿ ಶೂಗಳು ಸಿಗುತ್ತವೆ. ಒಂದೊಂದು ಶೂನ ತೂಕ 100 ಗ್ರಾಂ ಹೆಚ್ಚಾದರೆ ಓಟಕ್ಕೆ ಬೇಕಾದ ಶಕ್ತಿ ಸುಮಾರು ಶೇ 1ರಷ್ಟು ಏರುತ್ತದೆ. ಹಾಗಾಗಿ ವೇಗ ಬಯಸುವವರು ಹಗುರವಾದದ್ದನ್ನು ಹುಡುಕುವುದು ನ್ಯಾಯವೇ.

ಇಂಥ ಸಂದೇಶ ಬಂದಾಗ ಎಷ್ಟು ಜನರ ಮೇಲೆ, ಯಾವುದಕ್ಕೆ ಹೋಲಿಸಿ ನೋಡಿದ್ದಾರೆ ಎಂದು ಕೇಳಿ. ಮೂಲ ಅಧ್ಯಯನವನ್ನು ಹುಡುಕಿ. ಶೂ ಅನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ತಳದ ಒಳಬದಿ, ಹೊರಬದಿ ಎರಡನ್ನೂ ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿ ಫೋಮ್ ಇದೆಯೇ ಎಂಬುದು ತಿಳಿಯುತ್ತದೆ. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ, ಹಿತವೆನಿಸಿದ್ದನ್ನು ಕೊಳ್ಳಿ. ಈಗಿನ ಶೂ ನೋವು ಕೊಡದಿದ್ದರೆ ಬದಲಿಸುವ ಅಗತ್ಯವಿಲ್ಲ. ನೋವು ಬಿಡದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ.