ಫೇಲಾದರೆ ಫೇಲಾಯ್ತು ಅಂತ ಹೇಳೋಕೆ ಏನು ಕಷ್ಟ?

ನಮ್ಮ ಆ್ಯಪ್ ಇಟ್ಟಿರುವ ಕ್ಲೌಡ್ ಕಂಪನಿಯ ಕಮಾಂಡ್ ಲೈನ್ ಟೂಲ್ (ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಸಾಫ್ಟ್‌ವೇರ್) ಬಗ್ಗೆ ಇದು. ಕಂಪನಿಯ ಹೆಸರು ಹಾಕಲ್ಲ. ಆದರೆ ಹೊಟ್ಟೆ ಉರಿಯುತ್ತಿದೆ, ಬರೆಯದೇ ಇರೋಕೆ ಆಗ್ತಿಲ್ಲ.

ನಾವಿರೋದು ಕಲಬುರಗಿಯಲ್ಲಿ. ಇಲ್ಲಿನ ಕೃಷಿ ಮಾರುಕಟ್ಟೆಯಾದ ಗಂಜ್‌ನ ಕೆಲವು ಅಡತಿ (ದಲ್ಲಾಳಿ) ಅಂಗಡಿಗಳಿಗೆ ಸಣ್ಣ ಆ್ಯಪ್ ಒಂದನ್ನು ಮಾಡಿಕೊಟ್ಟಿದ್ದೇವೆ. ರೈತರ ತೊಗರಿ ಬರುತ್ತದೆ, ರೇಟ್ ಆಗುತ್ತದೆ, ತೂಕ ಆಗುತ್ತದೆ. ಅದನ್ನೆಲ್ಲ ಹಾಕಿದರೆ ಖರ್ಚು ಕಳೆದು ಪಟ್ಟಿ ಪ್ರಿಂಟ್ ಆಗುತ್ತದೆ. ಹಮಾಲರ ಲೆಕ್ಕವೂ ಅದರಲ್ಲೇ. ಯಾರು ಎಷ್ಟು ಚೀಲ ಹೊತ್ತರು, ಸಂಜೆಗೆ ಎಷ್ಟು ಕೂಲಿ ಸಿಗಬೇಕು, ಎಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ಬರೋಕೆ ಶುರುವಾದರೆ ಗಂಜ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಆಗ ಆ್ಯಪ್ ಒಂದು ಗಂಟೆ ನಿಂತರೂ ಅಲ್ಲಿ ಜನ ಕಾಯುತ್ತಾ ನಿಲ್ಲಬೇಕು.

ಈ ಸೀಸನ್‌ನಲ್ಲಿ ಚೀಲಕ್ಕೆ ಹಮಾಲಿ ದರ ಜಾಸ್ತಿ ಮಾಡೋಣ ಅಂತ ಅಂಗಡಿಯವರು ಒಪ್ಪಿದರು. ಮರುದಿನ ಬೆಳಗ್ಗೆಯಿಂದಲೇ ಹೊಸ ದರ. ನಮ್ಮ ಕಡೆ ಬದಲಾಗಬೇಕಿದ್ದದ್ದು ಒಂದೇ ಸಾಲು. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಡಿಪ್ಲಾಯ್ ಮಾಡೋಕೆ, ಅಂದರೆ ಬದಲಾದ ಆ್ಯಪನ್ನು ಕಂಪನಿಯ ಸರ್ವರ್‌ಗೆ ಹಾಕೋಕೆ, ಕೂತೆ. ಕರೆಂಟ್ ಹೋಗಿತ್ತು, ವೈಫೈ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇತ್ತು, ಫೋನಿನ ಹಾಟ್‌ಸ್ಪಾಟ್ ಇತ್ತು. ಒಂದು ಸಾಲಿಗೆ ಅಷ್ಟು ಸಾಕಾಗಬೇಕಿತ್ತು, ಅಲ್ವಾ?

ಕಮಾಂಡ್ ಹೊಡೆದ ಕೂಡಲೇ ಆ ಟೂಲ್ ಮೊದಲು ಮಾಡಿದ ಕೆಲಸ ಏನು ಗೊತ್ತಾ? ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳೋಕೆ ಶುರು ಮಾಡಿತು. ಮಾಡಲಾ ಅಂತ ಕೇಳಲಿಲ್ಲ, ಆಮೇಲೆ ಮಾಡು ಅನ್ನೋಕೆ ದಾರಿಯನ್ನೂ ಕೊಡಲಿಲ್ಲ. ನನ್ನ ಮೊಬೈಲ್ ಡೇಟಾ ತಿಂದು, ನನ್ನ ಬ್ಯಾಟರಿ ತಿಂದು ಹೊಸ ವರ್ಷನ್ ಇಳಿಸಿಕೊಂಡಿತು. ಉಬುಂಟು ಅನ್ನೋ ಆಪರೇಟಿಂಗ್ ಸಿಸ್ಟಂನಲ್ಲಿ ಸಾಫ್ಟ್‌ವೇರ್ ಹಾಕುವ ಆಪ್ಟ್ ಕೂಡ ಅಪ್‌ಗ್ರೇಡ್ ಅಂದಾಗ ಎಷ್ಟು ಎಂಬಿ ಇಳಿಯುತ್ತದೆ ಅಂತ ತೋರಿಸಿ, ಮುಂದುವರಿಯಲಾ ಅಂತ ಕೇಳುತ್ತದೆ. ಎಷ್ಟೋ ವರ್ಷದಿಂದ ಕೇಳುತ್ತಿದೆ. ಇವರಿಗೆ ಆ ಒಂದು ಪ್ರಶ್ನೆ ಭಾರ ಆಯಿತು.

ಅಪ್‌ಡೇಟ್ ಆದ ಮೇಲೆ ಲಾಗಿನ್ ಹೋಗಿತ್ತು. ಮತ್ತೆ ಬ್ರೌಸರ್ ತೆರೆಯಬೇಕು, ಮತ್ತೆ ಪಾಸ್‌ವರ್ಡ್, ಮತ್ತೆ ಒಟಿಪಿ. ಆಫೀಸಿನ ಸರ್ವರ್‌ನಿಂದ ಡಿಪ್ಲಾಯ್ ಮಾಡೋರ ಗತಿ ಏನು? ಅಲ್ಲಿ ಬ್ರೌಸರೇ ಇರಲ್ಲ. ಟರ್ಮಿನಲ್‌ನಲ್ಲಿ (ಕಮಾಂಡ್ ಹೊಡೆಯುವ ಕಿಟಕಿ) ಸಣ್ಣ ಕೋಡ್ ತೋರಿಸಿ, ಅದನ್ನು ಬೇರೆ ಯಾವ ಫೋನಿನಲ್ಲಾದರೂ ಹಾಕಿ ಒಪ್ಪಿಗೆ ಕೊಡುವ ಪದ್ಧತಿಗೆ 2019ರಲ್ಲೇ ಸ್ಟ್ಯಾಂಡರ್ಡ್ ಬಂದಿದೆ. ಟಿವಿಯಲ್ಲಿ ಲಾಗಿನ್ ಆಗೋಕೆ ನಮ್ಮ ಮನೆಯವರೆಲ್ಲ ಅದನ್ನೇ ಬಳಸುತ್ತಾರೆ. ಈ ಟೂಲ್‌ನಲ್ಲಿ ಅದೂ ಇಲ್ಲ.

ಇರಲಿ, ಲಾಗಿನ್ ಆದೆ. ಬದಲಾದದ್ದು ಒಂದು ಸಾಲು. ಅದು ಕಳಿಸಿದ್ದು ಇಡೀ ಫೋಲ್ಡರ್. ಲೋಗೋ, ಫಾಂಟ್, ಹಳೇ ಪಟ್ಟಿಯ ಮಾದರಿಗಳು, ಎಲ್ಲ. ಫೈಲಿನಲ್ಲಿ ಬದಲಾದ ಭಾಗ ಮಾತ್ರ ಕಳಿಸುವ ಆರ್‌ಸಿಂಕ್ ಅನ್ನೋ ಟೂಲ್ ಬಂದದ್ದು 1996ರಲ್ಲಿ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬಂದದ್ದು 2005ರಲ್ಲಿ, ಅದೂ ಆ ಕಡೆ ಇಲ್ಲದ್ದನ್ನು ಮಾತ್ರ ಕಳಿಸುತ್ತದೆ. ಕ್ಲೌಡ್ ಫೌಂಡ್ರಿ ಅನ್ನೋ ಇನ್ನೊಂದು ಕ್ಲೌಡ್ ಸಾಫ್ಟ್‌ವೇರ್‌ನ ಡಿಪ್ಲಾಯ್ ಕಮಾಂಡ್ ಸಿಎಫ್ ಪುಶ್ ಕೂಡ ಮೊದಲು ದೊಡ್ಡ ಫೈಲುಗಳ ಗುರುತು ಮಾತ್ರ ಕಳಿಸಿ, ಇವು ನಿನ್ನ ಹತ್ತಿರ ಇವೆಯಾ ಅಂತ ಸರ್ವರನ್ನು ಕೇಳುತ್ತದೆ, ಇದ್ದರೆ ಬಿಡುತ್ತದೆ. ಇಷ್ಟೆಲ್ಲ ಕಣ್ಣ ಮುಂದೆ ಇರುವಾಗ ಹೊಸದಾಗಿ ಟೂಲ್ ಬರೆಯೋರಿಗೆ ಇದು ಯಾಕೆ ಹೊಳೆಯಲ್ಲ? ಆಫೀಸಿನಲ್ಲಿ ದಿನವಿಡೀ ಜೋರು ನೆಟ್ ಇರೋರು ಕೂತು ಬರೆದರೆ ಹೀಗೇ ಆಗೋದು. ಹಾಟ್‌ಸ್ಪಾಟ್ ಹಾಕಿಕೊಂಡು ಒಂದು ಸಲ ಟೆಸ್ಟ್ ಮಾಡಿದ್ದರೂ ಗೊತ್ತಾಗುತ್ತಿತ್ತು.

ಇಲ್ಲಿಯವರೆಗಿನದ್ದನ್ನು ಸಹಿಸಿಕೊಳ್ಳಬಹುದು. ಸಹಿಸಿಕೊಂಡೇ ಬಂದಿದ್ದೇವೆ. ನನ್ನ ಸಿಟ್ಟು ಇರೋದು ಮುಂದೆ ನಡೆದದ್ದರ ಮೇಲೆ.

ಫೈಲ್ ಎಲ್ಲ ಹೋಯಿತು. ಅಲ್ಲಿ ಸರ್ವರ್‌ನಲ್ಲಿ ಬಿಲ್ಡ್, ಅಂದರೆ ಕೋಡನ್ನು ಓಡುವ ಆ್ಯಪ್ ಆಗಿ ಕಟ್ಟುವ ಕೆಲಸ, ಶುರುವಾಯಿತು, ಅದರ ವರದಿ (ಲಾಗ್) ಸಾಲು ಸಾಲಾಗಿ ಸ್ಕ್ರೀನ್ ಮೇಲೆ ಬರುತ್ತಿತ್ತು. ನಡುವೆ ಹಾಟ್‌ಸ್ಪಾಟ್ ಕಡಿದುಹೋಯಿತು. ಲಾಗ್ ನಿಂತಿತು. ಟೂಲ್ 'ಸಂಪರ್ಕ ತಪ್ಪಿತು' ಅಂತ ಇಂಗ್ಲಿಷಿನಲ್ಲಿ ಬೂದು ಬಣ್ಣದ ಒಂದು ಸಾಲು ಹಾಕಿ ಹೊರಬಂತು. ಹೊರಬರುವಾಗ ಕೊಟ್ಟ ಎಕ್ಸಿಟ್ ಕೋಡ್ ಸೊನ್ನೆ.

ಈ ಲೋಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯುನಿಕ್ಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಂ ಕಾಲದಿಂದ ಒಂದು ಮಾತಿದೆ. ಕಮಾಂಡ್ ಮುಗಿದಾಗ ಸೊನ್ನೆ ಕೊಟ್ಟರೆ ಕೆಲಸ ಸರಿಯಾಗಿ ಆಗಿದೆ ಅಂತ. ಬೇರೆ ಯಾವ ಸಂಖ್ಯೆ ಕೊಟ್ಟರೂ ಏನೋ ಕೆಟ್ಟಿದೆ ಅಂತ. ಜಗತ್ತಿನ ಎಲ್ಲ ಸ್ಕ್ರಿಪ್ಟ್‌ಗಳು, ಅಂದರೆ ಕಮಾಂಡ್‌ಗಳನ್ನು ಒಂದಾದ ಮೇಲೊಂದು ತಾವೇ ಓಡಿಸುವ ಸಣ್ಣ ಪ್ರೋಗ್ರಾಂಗಳು, ಈ ಒಂದು ಸಂಖ್ಯೆಯನ್ನು ನಂಬಿ ನಡೆಯುತ್ತವೆ. ಸ್ಕ್ರಿಪ್ಟ್‌ಗೆ ಕಣ್ಣಿಲ್ಲ, ಬೂದು ಬಣ್ಣದ ಸಾಲು ಓದಲ್ಲ. ಅದು ನೋಡೋದು ಸೊನ್ನೆಯಾ ಅಲ್ಲವಾ ಅಂತ ಮಾತ್ರ. ನಮ್ಮ ಸ್ಕ್ರಿಪ್ಟ್ ಕೂಡ ಅದನ್ನೇ ನೋಡಿತು. ಸೊನ್ನೆ ಬಂತು, ಮುಂದಿನ ಹೆಜ್ಜೆಗೆ ಹೋಯಿತು. ನೆಟ್ ಮತ್ತೆ ಬಂದ ಕೂಡಲೇ ಎಲ್ಲ ಅಂಗಡಿಗಳಿಗೆ ಮೆಸೇಜ್ ಕಳಿಸಿತು: ಹೊಸ ಹಮಾಲಿ ದರ ಜಾರಿಗೆ ಬಂದಿದೆ.

ಅತ್ತ ಸರ್ವರ್‌ನಲ್ಲಿ ಬಿಲ್ಡ್ ಫೇಲಾಗಿತ್ತು. ಯಾಕೆ? ಟೂಲ್‌ನ ಹೊಸ ವರ್ಷನ್ ಬಿಲ್ಡ್‌ನ ಡೀಫಾಲ್ಟ್ ಇಮೇಜನ್ನೇ (ಆ್ಯಪ್ ಕಟ್ಟೋಕೆ ಬಳಸುವ ಸಿದ್ಧ ಸಿಸ್ಟಂ) ಬದಲಾಯಿಸಿತ್ತು. ನಾವು ಬಳಸುವ ಒಂದು ಹಳೇ ಲೈಬ್ರರಿ (ಸಿದ್ಧ ಕೋಡ್) ಅದರಲ್ಲಿ ಕೂರಲಿಲ್ಲ. ಕೇಳದೇ ಮಾಡಿಕೊಂಡ ಅಪ್‌ಡೇಟ್ ಮೊದಲು ಬಿಲ್ಡ್ ಕೆಡಿಸಿತು, ಆಮೇಲೆ ಕೆಟ್ಟದ್ದನ್ನು ಮುಚ್ಚಿಟ್ಟಿತು.

ಬೆಳಗ್ಗೆ ಅಂಗಡಿಯ ಲೆಕ್ಕ ಬರೆಯುವ ಮುನೀಮರ ಫೋನ್. 'ಸರ್, ರಾತ್ರಿ ಮೆಸೇಜ್ ಕಳಿಸೀರಿ ಹೊಸ ರೇಟ್ ಬಂದದ ಅಂತ. ಇಲ್ಲಿ ಹಳೇದೇ ಬರ್ಲಕತ್ತದ. ಹಮಾಲರು ಸುತ್ತ ನಿಂತಾರ, ಏನ್ ಹೇಳ್ಲಿ ಅವರಿಗೆ?'

ಬೈಕ್ ತಗೊಂಡು ಗಂಜ್‌ಗೆ ಹೋದೆ. ಅಷ್ಟರಲ್ಲಿ ಚೀಲಗಳು ಇಳಿದಿದ್ದವು, ಪಟ್ಟಿಗಳು ಪ್ರಿಂಟ್ ಆಗಿದ್ದವು, ರೈತರು ಅದನ್ನು ಹಿಡಿದು ಹೊರಟೂ ಆಗಿತ್ತು. ಮುನೀಮರು ಹಾಳೆಯ ಮೇಲೆ ಗೆರೆ ಎಳೆದು ಒಬ್ಬೊಬ್ಬರ ಹೆಸರಿನ ಮುಂದೆ ಬಾಕಿ ರೊಕ್ಕ ಬರೆಯುತ್ತಾ ಕೂತಿದ್ದರು. ಒಬ್ಬ ಹಿರಿಯ ಹಮಾಲರು ಹೆಗಲ ಮೇಲಿನ ಟವೆಲ್ ತೆಗೆದು ಬೆವರು ಒರೆಸಿಕೊಳ್ಳುತ್ತಾ ಕೇಳಿದರು, 'ಯಪ್ಪಾ, ನಮ್ಮ ರೊಕ್ಕದಾಗೇ ಯಾಕ ತಪ್ಪ್ತದ ನಿಮ್ಮ ಮಷಿನ್?'

ಅವರಿಗೆ ಏನು ಹೇಳಲಿ? ಎಕ್ಸಿಟ್ ಕೋಡ್ ಬಗ್ಗೆ ಹೇಳಲಾ? ಬೆನ್ನ ಮೇಲೆ ಚೀಲ ಹೊತ್ತು ದುಡಿಯುವ ಮನುಷ್ಯ ತನ್ನ ಕೂಲಿಯಲ್ಲೇ ಮೋಸ ಆಗುತ್ತಿದೆ ಅಂದುಕೊಂಡ. ಅಂದುಕೊಳ್ಳೋದರಲ್ಲಿ ಏನೂ ತಪ್ಪಿಲ್ಲ. ಇಷ್ಟು ವರ್ಷ ಪುಸ್ತಕದ ಲೆಕ್ಕ ನಂಬಿದ್ದವರನ್ನು ಕಂಪ್ಯೂಟರ್ ಲೆಕ್ಕ ನಂಬಿ ಅಂತ ನಾವೇ ಒಪ್ಪಿಸಿದ್ದು. ಆ ನಂಬಿಕೆ ಒಂದು ಬೆಳಗ್ಗೆಯಲ್ಲಿ ಹೋಯಿತು. ಅದನ್ನು ಮತ್ತೆ ಕಟ್ಟೋರು ಯಾರು? ಆ ಕಂಪನಿಯವರು ಗಂಜ್‌ಗೆ ಬರ್ತಾರಾ?

ಸಪೋರ್ಟ್‌ಗೆ ಬರೆದೆ. ಲಾಗ್ ಹಾಕಿದೆ, ವರ್ಷನ್ ಹಾಕಿದೆ, ಎಲ್ಲಿ ಕಡಿಯಿತು ಅಂತ ಬರೆದೆ. ಬಂದ ಉತ್ತರ: ಟೂಲನ್ನು ಇತ್ತೀಚಿನ ವರ್ಷನ್‌ಗೆ ಅಪ್‌ಡೇಟ್ ಮಾಡಿ ನೋಡಿ. ಅಪ್‌ಡೇಟ್ ಆದದ್ದೇ ತೊಂದರೆ ಅಂತ ಮೊದಲ ಸಾಲಿನಲ್ಲೇ ಬರೆದಿದ್ದೆ. ಓದಿಲ್ಲ. ಮತ್ತೆ ಬರೆದೆ. 'ನೆಟ್‌ವರ್ಕ್ ನಿಮ್ಮ ಕಡೆಯ ಸಮಸ್ಯೆ' ಅಂತ ಹೇಳಿ ನನ್ನ ದೂರಿನ ಟಿಕೆಟ್ ಮುಚ್ಚಿದರು.

ನೆಟ್ ಕಡಿಯೋದು ನಮ್ಮ ಕಡೆಯ ಸಮಸ್ಯೆ, ಒಪ್ಪುತ್ತೇನೆ. ಕಡಿದಾಗ ಸುಳ್ಳು ಹೇಳೋದು ನಿಮ್ಮ ಕಡೆಯದ್ದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಒಂದು ಅಂತ ಕೊಡಿ, ಎರಡು ಅಂತ ಕೊಡಿ, ಸೊನ್ನೆ ಬಿಟ್ಟು ಏನಾದರೂ ಕೊಡಿ. ಸರ್ವರ್‌ಗಳಲ್ಲಿ ಆ್ಯಪ್‌ಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್‌ನಲ್ಲಿ ರೋಲೌಟ್ ಸ್ಟೇಟಸ್ ಅಂತ ಒಂದು ಕಮಾಂಡ್ ಇದೆ. ಹೊಸ ವರ್ಷನ್ ನಿಜವಾಗಿ ಎದ್ದು ನಿಲ್ಲುವವರೆಗೆ ಕಾಯುತ್ತದೆ, ಕೊಟ್ಟ ಟೈಮಿನೊಳಗೆ ಏಳದಿದ್ದರೆ ಸೊನ್ನೆ ಅಲ್ಲದ ಕೋಡ್ ಕೊಡುತ್ತದೆ. ಅದರ ಟೂಲ್ ಮತ್ತು ಸರ್ವರ್ ನಡುವೆ ಎಷ್ಟು ವರ್ಷನ್ ಅಂತರ ಇದ್ದರೆ ನಡೆಯುತ್ತದೆ ಅಂತಲೂ ಬರೆದಿಟ್ಟಿದ್ದಾರೆ: ಹಿಂದೆ ಒಂದು, ಮುಂದೆ ಒಂದು. ಅದು ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಇವರಿಗೆ ನಾವು ತಿಂಗಳು ತಿಂಗಳು ಡಾಲರ್ ಲೆಕ್ಕದಲ್ಲಿ ದುಡ್ಡು ಕಟ್ಟುತ್ತೇವೆ.

ಈಗ ನಾನು ಹಳೇ ವರ್ಷನ್ನಿನ ಫೈಲ್ ಹುಡುಕಿ ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ, ಅಪ್‌ಡೇಟ್ ಬರುವ ವಿಳಾಸವನ್ನೇ ಬ್ಲಾಕ್ ಮಾಡಿದ್ದೇನೆ. ಡಿಪ್ಲಾಯ್ ಆದ ಮೇಲೆ ಸ್ಕ್ರಿಪ್ಟ್ ಈಗ ಟೂಲಿನ ಮಾತು ಕೇಳಲ್ಲ. ನೇರವಾಗಿ ಆ್ಯಪ್‌ಗೇ ಹೋಗಿ ನಿನ್ನ ವರ್ಷನ್ ಯಾವುದು ಅಂತ ಕೇಳುತ್ತದೆ, ಹೊಸದು ಅಂತ ಉತ್ತರ ಬಂದರೆ ಮಾತ್ರ ಅಂಗಡಿಗಳಿಗೆ ಮೆಸೇಜ್ ಹೋಗುತ್ತದೆ. ನಿಮ್ಮಲ್ಲಿ ಯಾರಾದರೂ ಇಂಥ ಟೂಲ್ ಮೇಲೆ ಸ್ಕ್ರಿಪ್ಟ್ ಬರೆದಿದ್ದರೆ ಇವತ್ತೇ ಪರೀಕ್ಷೆ ಮಾಡಿ. ಡಿಪ್ಲಾಯ್ ನಡುವೆ ಬೇಕಂತಲೇ ನೆಟ್ ಆಫ್ ಮಾಡಿ, ಎಕ್ಸಿಟ್ ಕೋಡ್ ಏನು ಬರುತ್ತದೆ ನೋಡಿ. ಸೊನ್ನೆ ಬಂದರೆ ಅವರ ಸಪೋರ್ಟ್‌ಗೆ ಬರೆಯಿರಿ. ನಾನೊಬ್ಬನೇ ಬರೆದರೆ ಮುಚ್ಚುತ್ತಾರೆ.