ಉಪ್ಪಿನಲ್ಲಿ ಮುಚ್ಚಿಟ್ಟರೆ ಜೀವ ಬರುವುದಿಲ್ಲ

‘ನೀರಲ್ಲಿ ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಮುಚ್ಚಿಟ್ಟರೆ ಕೆಲವು ಗಂಟೆಯಲ್ಲಿ ಎದ್ದು ಕೂರುತ್ತಾರೆ’ ಎಂಬ ವಾಟ್ಸಾಪ್ ಸಂದೇಶ ಕುಮಟಾ, ಗೋಕರ್ಣದ ಕಡೆ ಮತ್ತೆ ಸುತ್ತುತ್ತಿದೆ. ಇದು ಸುಳ್ಳು. ಉಪ್ಪು ಮೈಮೇಲಿನ ತೇವ ಹೀರೀತು, ಶ್ವಾಸಕೋಶದ ನೀರನ್ನಲ್ಲ. ಹಾಗಿದ್ದರೆ ಸಾಣಿಕಟ್ಟಾದ ಉಪ್ಪಿನ ಆಗರವೇ ನಮಗೆ ದೊಡ್ಡಾಸ್ಪತ್ರೆ ಆಗಿರುತ್ತಿತ್ತು, ಅಲ್ವಾ?

ಉಸಿರು ನಿಂತ ನಾಲ್ಕೈದು ನಿಮಿಷಕ್ಕೇ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಉಪ್ಪಿನ ಚೀಲ ಹುಡುಕುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ದಡಕ್ಕೆ ತಂದವರನ್ನು ಅಂಗಾತ ಮಲಗಿಸಿ. ಉಸಿರಿಲ್ಲದಿದ್ದರೆ ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು 2 ಸಲ ಊದಿ. ಎದೆಯ ನಡುವೆ 30 ಸಲ ಜೋರಾಗಿ ಒತ್ತಿ, ಮತ್ತೆ 2 ಸಲ ಊದಿ. ಸಹಾಯ ಬರುವವರೆಗೂ ಹೀಗೇ. 108ಕ್ಕೆ ಇನ್ನೊಬ್ಬರು ಫೋನ್ ಮಾಡಲಿ. ಹೊಟ್ಟೆ ಒತ್ತಿ ನೀರು ಕಕ್ಕಿಸುವುದೂ ಬೇಡ, ವಾಂತಿ ಶ್ವಾಸಕೋಶಕ್ಕೇ ಇಳಿಯಬಹುದು.