ಎರಡು ರೈಲುಗಳ ನಡುವೆ ಕೊಲೋನ್

ಒಂದು ಊರನ್ನು ನೋಡಿದೆ ಅನ್ನಬೇಕಾದರೆ ಅಲ್ಲಿ ಒಂದು ವಾರವಾದರೂ ಇರಬೇಕು ಅನ್ನುವವರಿದ್ದಾರೆ. ಇರಬಹುದು. ಆದರೆ ರೈಲ್ ಪಾಸ್ ಹಿಡಿದು, ಬೆನ್ನಿಗೆ ಚೀಲ ಹೇರಿಕೊಂಡು, ಯುರೋಪಿನಲ್ಲಿ ಒಬ್ಬನೇ ತಿರುಗುವವನಿಗೆ ಅಷ್ಟು ಪುರುಸೊತ್ತು ಎಲ್ಲಿ? ಅವನ ಪಾಲಿಗೆ ಬರುವುದು ಒಂದು ರೈಲು ಇಳಿದು ಇನ್ನೊಂದು ಹತ್ತುವ ನಡುವಿನ ಹೊತ್ತು. ಅಂಥವರ ಮೇಲೆ ಕರುಣೆ ಇಟ್ಟಿರುವ ಊರು ಜರ್ಮನಿಯ ಕೊಲೋನ್.

ಅಲ್ಲಿ ಸ್ಟೇಷನ್ ಬಾಗಿಲು ದಾಟಿದರೆ ಎದುರಿಗೇ ಚರ್ಚು. ಬಸ್ಸು ಬೇಡ, ಮ್ಯಾಪೂ ಬೇಡ. ಅದೇನು ಸಣ್ಣಪುಟ್ಟ ಚರ್ಚಲ್ಲ, 157 ಮೀಟರ್ ಎತ್ತರದ ಜೋಡಿ ಗೋಪುರಗಳ ಕೆಥೆಡ್ರಲ್. ತುದಿ ಕಾಣಲಿ ಅಂತ ತಲೆ ಎತ್ತಿದರೆ ಬೆನ್ನಿನ ಚೀಲ ಹಿಂದಕ್ಕೆ ಎಳೆಯುತ್ತದೆ.

ಈ ಚೀಲದ ವಿಷಯ ಸ್ವಲ್ಪ ಹೇಳಬೇಕು. ಒಬ್ಬನೇ ತಿರುಗುವುದರಲ್ಲಿ ಸುಖ ಬೇಕಾದಷ್ಟಿದೆ. ಯಾವಾಗ ಬೇಕಾದರೂ ನಿಲ್ಲಬಹುದು, ಯಾವ ಮ್ಯೂಸಿಯಂ ಬೇಕಾದರೂ ಬಿಡಬಹುದು, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಆದರೆ "ಸ್ವಲ್ಪ ಬ್ಯಾಗ್ ನೋಡ್ಕೋ, ಬಂದೆ" ಅನ್ನಲು ಪಕ್ಕದಲ್ಲಿ ಒಂದು ಜೀವ ಇರುವುದಿಲ್ಲ. ಟಾಯ್ಲೆಟ್ಟಿಗೂ ಅದನ್ನು ಹೊತ್ತುಕೊಂಡೇ ಹೋಗಬೇಕು. ಕೆಥೆಡ್ರಲ್ ಒಳಗಂತೂ ದೊಡ್ಡ ಚೀಲ ಬಿಡುವುದೇ ಇಲ್ಲ. ಕೆಂಪು ನಿಲುವಂಗಿ ತೊಟ್ಟ ಕಾವಲಿನವರು ಬಾಗಿಲಲ್ಲೇ ಬೆನ್ನಿನ ಕಡೆ ಬೆರಳು ತೋರಿಸುತ್ತಾರೆ.

ಸ್ಟೇಷನ್ನಿನಲ್ಲೇ ಇದಕ್ಕೆ ಉಪಾಯವಿದೆ. ಗೋಡೆಯಲ್ಲಿ ಒಂದು ಗೂಡು, ದುಡ್ಡು ಹಾಕಿದರೆ ಬಾಗಿಲು ತೆರೆಯುತ್ತದೆ. ಚೀಲ ಇಟ್ಟರೆ ಬಾಗಿಲು ಮುಚ್ಚಿ, ಯಂತ್ರ ಅದನ್ನು ನೆಲದಡಿಗೆ ಒಯ್ಯುತ್ತದೆ. ಕೈಯಲ್ಲಿ ಉಳಿಯುವುದು ಒಂದು ಚೀಟಿ. ಪಾಸ್‌ಪೋರ್ಟ್ ಒಂದು ಬಿಟ್ಟು ನನ್ನ ಸಕಲ ಆಸ್ತಿಯೂ ಹಾಗೆ ಪಾತಾಳಕ್ಕಿಳಿದಾಗ ಎದೆ ಒಂದು ಸಲ ಧಸಕ್ಕೆಂದಿತು. ಮರುಕ್ಷಣ ಕಾಲು ಹಗುರ. ಕೈ ಬೀಸಿಕೊಂಡು ನಡೆದರೆ ಪರವೂರಿನವನು ಅಂತ ಯಾರಿಗೆ ಗೊತ್ತಾಗಬೇಕು?

ಕೆಥೆಡ್ರಲ್ಲಿನ ದಕ್ಷಿಣ ಗೋಪುರ ಹತ್ತಲು 533 ಮೆಟ್ಟಿಲು. ಸುರುಳಿ ಮೆಟ್ಟಿಲು, ಇಕ್ಕಟ್ಟು ಬೇರೆ. ಹತ್ತುವವರೂ ಇಳಿಯುವವರೂ ಎದುರಾದರೆ ಗೋಡೆಗೆ ಅಂಟಿಕೊಂಡು ಉಸಿರು ಎಳೆದುಕೊಳ್ಳಬೇಕು. ಅರ್ಧದಲ್ಲಿ ಗಂಟೆಮನೆ ಸಿಗುತ್ತದೆ. ಅಲ್ಲಿ ತೂಗುವ ದೊಡ್ಡ ಗಂಟೆಯ ತೂಕ ಸುಮಾರು 24 ಟನ್. ಅದನ್ನು ನೋಡುವ ನೆಪದಲ್ಲಿ ಎಲ್ಲರೂ ಸುಧಾರಿಸಿಕೊಳ್ಳುತ್ತಾರೆ. ನಾನೂ ಗಂಟೆಯನ್ನು ಬಹಳ ಹೊತ್ತು, ಬಹಳ ಆಸಕ್ತಿಯಿಂದ ನೋಡಿದೆ.

ಈ ಕಟ್ಟಡಕ್ಕೆ ಕಲ್ಲಿಟ್ಟಿದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ. ನಡುವೆ ಹದಿನಾರನೇ ಶತಮಾನದಲ್ಲಿ ಕೆಲಸ ನಿಂತೇ ಹೋಯಿತು. ಮೊಟಕು ಗೋಪುರದ ಮೇಲೆ ಕಲ್ಲೆತ್ತುವ ಮರದ ಕ್ರೇನ್ ಒಂದು ನೂರಾರು ವರ್ಷ ಹಾಗೇ ಉಳಿಯಿತು. ಅಜ್ಜ ಅದನ್ನು ಮೊಮ್ಮಗನಿಗೆ ತೋರಿಸಿದ, ಆ ಮೊಮ್ಮಗ ತನ್ನ ಮೊಮ್ಮಗನಿಗೆ. ಹಳೆಯ ಚಿತ್ರಗಳಲ್ಲಿ ಕೊಲೋನ್ ಅಂದರೆ ಆ ಕ್ರೇನೇ. ನನಗೆ ಪೂರ್ತಿಯಾದ ಗೋಪುರಕ್ಕಿಂತ ಆ ಕ್ರೇನಿನ ಮೇಲೇ ಪ್ರೀತಿ ಜಾಸ್ತಿ. ಆರುನೂರು ವರ್ಷ ಸಾವಧಾನವಾಗಿ ಕಟ್ಟಿದ್ದನ್ನು ಆರು ಗಂಟೆಯಲ್ಲಿ ನೋಡಿ ಮುಗಿಸುವವನು ಇನ್ನೇನು ಹೇಳಿಯಾನು!

ಕೆಥೆಡ್ರಲ್ ಹಿಂಬದಿಗೆ ಹೋದರೆ ರೈನ್ ನದಿಯ ಮೇಲೆ ಹೊಹೆನ್‌ಜೊಲರ್ನ್ ಸೇತುವೆ. ಅಲ್ಲಿ ಕಾರಿಗೆ ಜಾಗವಿಲ್ಲ. ರೈಲಿಗೆ, ಸೈಕಲ್ಲಿಗೆ, ಕಾಲಿಗೆ ಮಾತ್ರ. ಬೇಲಿಯ ತುಂಬಾ ಪ್ರೇಮಿಗಳ ಬೀಗಗಳು. ಹೆಸರು ಕೆತ್ತಿ, ಬೀಗ ಜಡಿದು, ಕೀಲಿಯನ್ನು ನದಿಗೆ ಎಸೆಯುವುದು ಪದ್ಧತಿ. ಒಂಟಿಯಾಗಿ ಬಂದವನಿಗೆ ಅಲ್ಲಿ ಮಾಡಲು ಏನೂ ಕೆಲಸವಿಲ್ಲ. ಸುಮ್ನೆ ಹೆಸರು ಓದಿಕೊಂಡು ಹೋದೆ. ತುಕ್ಕು ಹಿಡಿದ ಬೀಗ ಕಂಡಾಗ ಇವರಿಬ್ಬರು ಈಗ ಹೇಗಿದ್ದಾರೋ ಅನ್ನಿಸದೆ ಇರುವುದಿಲ್ಲ, ಅಲ್ವಾ?

ಹೊಟ್ಟೆ ಕೂಗಿತು. ಊರಿನ ಹಳೇ ಬಿಯರ್ ಮನೆಗಳಲ್ಲಿ ಉದ್ದನೆಯ ಮರದ ಮೇಜು. ಗುರುತಿಲ್ಲದವರ ಪಕ್ಕ ಕೂತರೂ ಯಾರೂ ಹುಬ್ಬು ಹಾರಿಸುವುದಿಲ್ಲ. ಇಲ್ಲಿನ ಬಿಯರ್ ಕ್ಯೋಲ್ಶ್, ಬರುವುದು 200 ಮಿಲಿಯ ಸಪೂರ ಗ್ಲಾಸಿನಲ್ಲಿ. ನೀಲಿ ಅಂಗಿಯ ಪರಿಚಾರಕನಿಗೆ ಕ್ಯೋಬೆಸ್ ಅನ್ನುತ್ತಾರೆ. ಗ್ಲಾಸು ಖಾಲಿಯಾದರೆ ಕೇಳದೆಯೇ ಇನ್ನೊಂದು ಇಟ್ಟು, ಕೆಳಗಿನ ರಟ್ಟಿನ ಬಿಲ್ಲೆಯ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯುತ್ತಾನೆ. ಸಾಕು ಅನ್ನಿಸಿದರೆ ಆ ಬಿಲ್ಲೆಯನ್ನು ಗ್ಲಾಸಿನ ಮೇಲೆ ಮುಚ್ಚಬೇಕು. ಎಲೆಗೆ ಕೈ ಅಡ್ಡ ಹಿಡಿಯುವ ತನಕ ಹೋಳಿಗೆ ಬಡಿಸುವ ನಮ್ಮ ಮದುವೆಮನೆಯವರಂತೆಯೇ. ತಿನ್ನಲು ಹಾಲ್ವೆ ಹಾನ್ ಹೇಳಿದೆ. ಹೆಸರಿಗೆ ಅರ್ಧ ಹುಂಜ. ಬರುವುದು ರೈ ಧಾನ್ಯದ ಬನ್ನು, ಚೀಸು, ಈರುಳ್ಳಿ, ಸಾಸಿವೆ. ಸಸ್ಯಾಹಾರಿಗಳು ಧೈರ್ಯವಾಗಿ ತರಿಸಿಕೊಳ್ಳಬಹುದು.

ಸ್ಟೇಷನ್ನಿಗೆ ಓಡಿ ಬಂದರೆ ಬೋರ್ಡಿನ ಮೇಲೆ ನನ್ನ ರೈಲು ಒಂದು ಗಂಟೆ ತಡ. ಜರ್ಮನಿಯ ರೈಲೂ ತಡವಾಗುತ್ತದೆ, ಈಚೆಗೆ ಚೆನ್ನಾಗಿಯೇ ತಡವಾಗುತ್ತದೆ. ಸುತ್ತಲಿದ್ದವರು ಗೊಣಗಿದರು. ನನಗೆ ಪುಕ್ಕಟೆ ಒಂದು ಗಂಟೆ ಸಿಕ್ಕಿತಲ್ಲ! ನೇರ ಗ್ಲೋಕನ್‌ಗಾಸೆ ಬೀದಿಗೆ ನಡೆದೆ. ಜ್ವರ ಬಂದಾಗ ನಮ್ಮಲ್ಲಿ ಹಣೆಗೆ ಬಟ್ಟೆ ಅದ್ದಿ ಹಾಕುತ್ತಿದ್ದ ಯುಡಿಕೊಲೋನ್ ಈ ಊರಿನದೇ. ಫ್ರೆಂಚ್ ಸೈನ್ಯ ಊರು ಹಿಡಿದಿದ್ದ ಕಾಲದಲ್ಲಿ ಮನೆಗಳಿಗೆಲ್ಲ ಸಾಲಾಗಿ ನಂಬರ್ ಹಾಕಿದರಂತೆ, ಈ ಬೀದಿಯ ಯುಡಿಕೊಲೋನ್ ಮನೆಗೆ ಬಂದದ್ದು 4711. ಇವತ್ತಿಗೂ ಬಾಟಲಿಯ ಮೇಲೆ ಅದೇ. ಅಂಗಡಿಯಲ್ಲಿ ಸಣ್ಣ ಬಾಟಲಿ ಕೊಂಡು, ಅಲ್ಲೇ ಕುತ್ತಿಗೆಗೂ ಕೈಗೂ ಧಾರಾಳವಾಗಿ ಬಳಿದುಕೊಂಡೆ. ರೈಲಿನಲ್ಲಿ ಪಕ್ಕದ ಸೀಟಿನ ಹೆಂಗಸು ಒಂದು ಸಲ ಮೂಗು ಅರಳಿಸಿ, ಕೈಚೀಲದಿಂದ ಕರವಸ್ತ್ರ ತೆಗೆದು, ಕ್ಷಮೆ ಕೇಳಿ, ಮುಂದಿನ ಸಾಲಿಗೆ ಹೋಗಿ ಕೂತರು. ಖಾಲಿಯಾದ ಸೀಟಿನಲ್ಲಿ ಚೀಲವನ್ನು ಕೂರಿಸಿದೆ.